ತೆರಿಯಾಕಿ ಸಾಸ್ ಗೋಂದಿನ ಹಾಗಾಯ್ತು, ತಪ್ಪಿದ್ದೆಲ್ಲಿ?

ಪ್ರಶ್ನೆ: ಹೋಟೆಲಿನಲ್ಲಿ ತಿಂದ ಟೆರಿಯಾಕಿ ಚಿಕನ್ ಮಗಳಿಗೆ ತುಂಬಾ ಹಿಡಿಸಿತು. ಮನೆಯಲ್ಲೇ ಸಾಸ್ ಮಾಡೋಣ ಎಂದು ಒಂದು ವಿಡಿಯೋ ನೋಡಿ ಅರ್ಧ ಕಪ್ ಡಾರ್ಕ್ ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಶುಂಠಿ, 2 ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ ಕುದಿಸಿದೆ. ಬಣ್ಣ ಡಾಂಬರು, ಬಾಯಿಗಿಟ್ಟರೆ ಬರೀ ಉಪ್ಪು, ಆರಿದ ಮೇಲೆ ಗೋಂದು. ವಿಡಿಯೋದಲ್ಲಿ ಹೇಳಿದ ಮಿರಿನ್ ನಮ್ಮೂರಲ್ಲಿ ಸಿಗಲಿಲ್ಲ. ಅದರಲ್ಲಿ ಮದ್ಯ ಇರುತ್ತದಂತೆ, ಅದು ನಮ್ಮ ಮನೆಯೊಳಗೆ ಬರುವ ಹಾಗೂ ಇಲ್ಲ. ಅತ್ತೆಯವರು ಸಸ್ಯಾಹಾರಿ, ಅವರಿಗೂ ಏನಾದರೂ ಮಾಡಬಹುದಾ? ಮಾಡಿಟ್ಟ ಸಾಸ್ ಇನ್ನೂ ಫ್ರಿಜ್‌ನಲ್ಲಿದೆ. – ದಾವಣಗೆರೆಯ ಓದುಗರೊಬ್ಬರು

ಉತ್ತರ: ‘ಡಾಂಬರು’ ಅಂದಿರಲ್ಲ, ಓದಿ ನಗು ಬಂತು, ಕ್ಷಮಿಸಿ. ಆ ಡಾಂಬರನ್ನು ನಾನೂ ಮಾಡಿದ್ದೇನೆ. ಕಲಿಯುವ ದಿನಗಳಲ್ಲಿ ಒಲೆಯ ಮೇಲೆ ಸಾಸ್ ಇಟ್ಟು, ಇನ್ನೂ ನೀರಾಗಿದೆಯಲ್ಲ ಎಂದು ಅಕ್ಕಿ ತೊಳೆಯಲು ಹೋದೆ. ಬರುವಷ್ಟರಲ್ಲಿ ಮನೆ ತುಂಬಾ ಹೊಗೆ. ಪಾತ್ರೆ ಉಜ್ಜಿ ಉಜ್ಜಿ ಕೊನೆಗೆ ಗಿಡಕ್ಕೆ ನೀರು ಹಾಕುವ ಕೆಲಸಕ್ಕೆ ಬಿಟ್ಟೆ.

ನಿಮ್ಮ ತಪ್ಪು ನನ್ನದಕ್ಕಿಂತ ಸಣ್ಣದು. ಒಂದು, ಬಾಟಲಿ ಬೇರೆ. ಇನ್ನೊಂದು, ಸಾಸ್ ಪೂರ್ತಿ ಪಾತ್ರೆಯಲ್ಲೇ ಗಟ್ಟಿಯಾಗಬೇಕು ಅಂದುಕೊಂಡಿರಿ. ಈ ಎರಡನೆಯದನ್ನು ಹೆಚ್ಚಿನವರು ಮಾಡುತ್ತಾರೆ, ಅದಕ್ಕೆ ಕಾರಣ ಹೆಸರಿನಲ್ಲೇ ಇದೆ.

ಜಪಾನಿಗರ ಬಾಯಲ್ಲಿ ಅದು ‘ಟೆ’ ಅಲ್ಲ, ನಮ್ಮ ‘ತೆ’. ತೆರಿಯಾಕಿ. ಇಂಗ್ಲಿಷ್ ದಾರಿಯಲ್ಲಿ ಬಂದಿದ್ದರಿಂದ ನಾವು ಟೆರಿಯಾಕಿ ಅನ್ನುತ್ತೇವೆ. ಕನ್ನಡದಲ್ಲಿ ತಕಾರ ಇರುವಾಗ ಸುಮ್ನೆ ಯಾಕೆ ನಾಲಿಗೆ ಮಡಚಬೇಕು ಅಲ್ವಾ? ‘ತೆರಿ’ ಅಂದರೆ ಹೊಳಪು. ‘ಯಾಕಿ’ ಅಂದರೆ ಸುಟ್ಟಿದ್ದು, ಬೆಂಕಿಯ ಮೇಲೆ ಬೇಯಿಸಿದ್ದು. ಹಾಗಾಗಿ ಇದು ಸಾಸಿನ ಹೆಸರೇ ಅಲ್ಲ, ಬೇಯಿಸುವ ಒಂದು ವಿಧಾನದ ಹೆಸರು. ಮೀನಿಗೋ ಕೋಳಿಗೋ ಸಿಹಿ-ಉಪ್ಪಿನ ರಸ ಬಳಿದು, ಬೆಂಕಿಯ ಮೇಲೆ ಅದನ್ನು ಹೊಳೆಯುವ ಹಾಗೆ ಮಾಡುವುದು. ರಸಕ್ಕೆ ಅಲ್ಲಿ ‘ತರೆ’ ಎಂಬ ಬೇರೆ ಹೆಸರಿದೆ. ಆ ತರೆ ಪಾತ್ರೆಯಲ್ಲಿ ಇರುವಾಗ ತೆಳ್ಳಗೇ ಇರುತ್ತದೆ. ಅದು ಗಟ್ಟಿಯಾಗುವುದು, ಹೊಳಪು ಬರುವುದು ಕೊನೆಯ ಎರಡು ನಿಮಿಷ, ಮೀನಿನ ಮೈಮೇಲೆ. ಅರ್ಧ ಕೆಲಸ ಪಾತ್ರೆಯಲ್ಲಿ, ಇನ್ನರ್ಧ ಬಾಣಲೆಯಲ್ಲಿ ಅಂತ ಇಟ್ಟುಕೊಳ್ಳಿ.

ಈಗ ಬಾಟಲಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಡಾಂಬರಿನ ಮೂಲ ಇಲ್ಲೇ ಇದೆ.

ಜಪಾನಿನಲ್ಲಿ ಸೋಯಾ ಸಾಸ್‌ಗೆ ‘ಶೋಯು’ ಎನ್ನುತ್ತಾರೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯ ಹೆಸರು ‘ಕೊಯಿಕುಚಿ’. ಇದನ್ನು ಇಂಗ್ಲಿಷ್‌ಗೆ ತರುವಾಗ ಎಷ್ಟೋ ಜನ ‘ಡಾರ್ಕ್’ ಎಂದು ಬರೆದುಬಿಟ್ಟರು, ಯಾಕೆಂದರೆ ಜಪಾನಿನಲ್ಲಿ ಇದಕ್ಕಿಂತ ಬಣ್ಣ ಕಡಿಮೆ ಇರುವ ‘ಉಸುಕುಚಿ’ ಎಂಬ ಇನ್ನೊಂದು ಬಗೆಯೂ ಇದೆ. ನಮ್ಮ ಅಂಗಡಿಯ ‘ಡಾರ್ಕ್ ಸೋಯಾ ಸಾಸ್’ ಬಂದಿರುವುದು ಚೀನೀ ಅಡುಗೆಯ ಕಡೆಯಿಂದ. ಚೀನೀ ಅಡುಗೆಯಲ್ಲಿ ಲೈಟ್ ಇರುವುದು ಉಪ್ಪು ಮತ್ತು ರುಚಿಗೆ, ಡಾರ್ಕ್ ಇರುವುದು ಮುಖ್ಯವಾಗಿ ಬಣ್ಣಕ್ಕೆ. ಅದನ್ನು ಚಮಚದ ಲೆಕ್ಕದಲ್ಲಿ ಹಾಕುತ್ತಾರೆ, ಕಪ್ಪಿನ ಲೆಕ್ಕದಲ್ಲಿ ಅಲ್ಲ. ಎರಡೂ ಕಡೆಯ ‘ಡಾರ್ಕ್’ ಒಂದೇ ಅಂದುಕೊಂಡು ಅರ್ಧ ಕಪ್ ಸುರಿದರೆ ಡಾಂಬರೇ ಗತಿ.

ಬಾಟಲಿಯ ಹಿಂಭಾಗ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ, ಅದು ಕಾನೂನು. ನೀರು, ಸೋಯಾ ಕಾಳು, ಗೋಧಿ, ಉಪ್ಪು ಎಂದು ನಾಲ್ಕೇ ಹೆಸರಿದ್ದು, ‘ನ್ಯಾಚುರಲಿ ಬ್ರೂಡ್’ ಎಂದಿದ್ದರೆ ಅದೇ ನಮಗೆ ಬೇಕಾದದ್ದು. ಬೇಯಿಸಿದ ಸೋಯಾ, ಹುರಿದು ಒಡೆದ ಗೋಧಿ ಎರಡನ್ನೂ ಸೇರಿಸಿ, ಅದರ ಮೇಲೆ ‘ಕೋಜಿ’ ಎಂಬ ಬೂಷ್ಟು ಬೆಳೆಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಹಿಂಡಿದ ರಸ ಅದು. ನಿಮ್ಮ ಬಾಟಲಿಯಲ್ಲಿ ಕ್ಯಾರಮೆಲ್ ಬಣ್ಣ, ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್ ಎಂದೆಲ್ಲ ಇದ್ದರೆ, ಹುದುಗಿಸುವ ಬದಲು ಆಮ್ಲದಿಂದ ಬೇಗ ತಯಾರಿಸಿ ಬಣ್ಣ ಕೂಡಿಸಿದ ಸಾಸ್ ಅದು ಎಂದು ತಿಳಿಯಿರಿ. ಗೋಬಿ ಮಂಚೂರಿಗೆ ಧಾರಾಳವಾಗಿ ಸಾಕು. ಆದರೆ ತೆರಿಯಾಕಿಯಲ್ಲಿ ಮಸಾಲೆ ಏನೂ ಇರುವುದಿಲ್ಲವಲ್ಲ, ಸೋಯಾ ಒಂದೇ ರುಚಿ. ಅದು ಚೆನ್ನಾಗಿಲ್ಲದಿದ್ದರೆ ಮುಚ್ಚಲು ಬೇರೆ ಏನೂ ಸಿಗುವುದಿಲ್ಲ.

ಲೇಬಲ್ ಓದಲು ಆಗದಿದ್ದರೆ ಒಂದು ಚಮಚ ಬಿಳಿ ತಟ್ಟೆಗೆ ಹಾಕಿ ಓರೆ ಮಾಡಿ. ನೀರಿನ ಹಾಗೆ ಹರಿದು, ಅಂಚಿನಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣ ಕಂಡರೆ ಸರಿ. ಕಪ್ಪಗೆ ಅಂಟಿಕೊಂಡು ನಿಧಾನ ಜಾರಿದರೆ ಅದು ಬಣ್ಣದ ಸಾಸ್. ದಾವಣಗೆರೆಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಬೆಲೆ ಜಾಸ್ತಿ ನಿಜ, ಆದರೆ ಒಂದು ಬಾಟಲಿ ಬಹಳ ದಿನ ಬರುತ್ತದೆ.

ಉಪ್ಪಿನದೂ ಒಂದು ಲೆಕ್ಕ ಇದೆ. ಒಳ್ಳೆಯ ಶೋಯುವಿನಲ್ಲೇ ಶೇ. 16ರ ಹತ್ತಿರ ಉಪ್ಪು ಇರುತ್ತದೆ. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ.ಗೆ ಸುಮಾರು ಎರಡೂವರೆ ಗ್ರಾಂ. ಕುದಿಸಿದರೆ ನೀರು ಹೋಗುತ್ತದೆ, ಉಪ್ಪು ಎಲ್ಲೂ ಹೋಗುವುದಿಲ್ಲ. ಸಾರು ಮತ್ತೆ ಮತ್ತೆ ಕಾಯಿಸಿದರೆ ಉಪ್ಪುಪ್ಪಾಗುವುದು ನಿಮಗೆ ಗೊತ್ತೇ ಇದೆ. ನೀವು ನೀರೂ ಹಾಕದೆ ಅರ್ಧ ಕಪ್ ಸಾಸನ್ನೇ ಕುದಿಸಿದ್ದೀರಿ. ಮನೆಯಲ್ಲಿ ಬಿಪಿ ಇರುವವರಿದ್ದರೆ ಇದನ್ನು ನೆನಪಿಡಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಅಷ್ಟು ಮುಗಿದುಹೋಗುತ್ತದೆ. ತೆರಿಯಾಕಿಯನ್ನು ಬಳಿಯಬೇಕು, ಸಾರಿನ ಹಾಗೆ ಸುರಿದುಕೊಳ್ಳಬಾರದು.

ಇನ್ನು ಮಿರಿನ್. ಅಂಟಕ್ಕಿ, ಕೋಜಿ ಹಿಡಿಸಿದ ಅಕ್ಕಿ ಮತ್ತು ‘ಶೋಚು’ ಎಂಬ ಭಟ್ಟಿ ಇಳಿಸಿದ ಮದ್ಯ ಸೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಅಕ್ಕಿಯ ಪಿಷ್ಟ ಸಿಹಿಯಾಗಿ ಮಾರ್ಪಟ್ಟು ಹೊನ್ನಿನ ಬಣ್ಣದ ಪಾಕದಂಥ ರಸ ಬರುತ್ತದೆ. ಅಸಲಿ ಮಿರಿನ್‌ನಲ್ಲಿ ಮದ್ಯಾಂಶ ಶೇ. 14ರ ಆಸುಪಾಸು. ತೆರಿಯಾಕಿಗೆ ಹಾಕುವ ಇನ್ನೊಂದು ರಸ ‘ಸಾಕೆ’, ಅದು ಅಕ್ಕಿಯ ಮದ್ಯವೇ. ‘ಕುದಿಸಿದರೆ ಮದ್ಯ ಎಲ್ಲ ಹಾರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಬಹುಪಾಲು ಹೋಗುತ್ತದೆ, ಹತ್ತು ನಿಮಿಷದ ಕುದಿತಕ್ಕೆ ಒಂದಿಷ್ಟು ಉಳಿಯುತ್ತದೆ. ಮನೆಯಲ್ಲಿ ಬೇಡ ಎಂದಿದ್ದರೆ ಬೇಡ, ಅಷ್ಟೇ. ಹುದುಗಿಸಿದ ಸೋಯಾ ಸಾಸ್‌ನಲ್ಲೂ ಹುದುಗಿನಿಂದ ಹುಟ್ಟಿದ ಮದ್ಯ ತುಸು ಇರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಇಡ್ಲಿ ಹಿಟ್ಟು ಹುದುಗುವಾಗ ಹುಟ್ಟುವಂಥದ್ದೇ ಜಾತಿಯದು. ಹಲಾಲ್ ಗುರುತಿನ ಸೋಯಾ ಸಾಸ್ ಕೂಡ ಸಿಗುತ್ತದೆ, ಆದರೆ ಹುದುಗಿನಿಂದ ಹುಟ್ಟಿದ್ದು ಅದರಲ್ಲೂ ತುಸು ಇರಬಹುದು.

ಮಿರಿನ್ ಇಲ್ಲದೆ ಹೊಳಪು ಬರುತ್ತದಾ? ಬರುತ್ತದೆ. ಮಿರಿನ್ ಕೊಡುವ ಹೊಳಪು ಅದರೊಳಗಿನ ಬಗೆಬಗೆಯ ಸಕ್ಕರೆಗಳಿಂದ ಬರುವುದು. ಬರೀ ಸಕ್ಕರೆ ಹಾಕಿದರೆ ಸಿಹಿ ಬರುತ್ತದೆ, ಆದರೆ ಆರಿದಾಗ ಸ್ವಲ್ಪ ಮಂಕು. ನೀವು ಸಕ್ಕರೆ ಪಾಕಕ್ಕೆ ಎರಡು ಹನಿ ನಿಂಬೆ ಹಿಂಡುತ್ತೀರಲ್ಲ, ಹರಳುಗಟ್ಟಬಾರದು ಎಂದು? ಅದೇ ಉಪಾಯ ಇಲ್ಲೂ ನಡೆಯುತ್ತದೆ. ಸಕ್ಕರೆಯ ಜೊತೆ ಒಂದಿಷ್ಟು ಜೇನು, ತುಸು ಹುಳಿ.

ಅಳತೆ ಹೀಗೆ. ಒಳ್ಳೆಯ ಸೋಯಾ ಸಾಸ್ 100 ಮಿ.ಲೀ., ನೀರು 100 ಮಿ.ಲೀ., ಸಕ್ಕರೆ 80 ಗ್ರಾಂ, ಜೇನು ಒಂದು ದೊಡ್ಡ ಚಮಚ, ಅಕ್ಕಿ ವಿನೆಗರ್ ಒಂದು ಚಿಕ್ಕ ಚಮಚ. ವಿನೆಗರ್ ಇಲ್ಲದಿದ್ದರೆ ಅರ್ಧ ಚಿಕ್ಕ ಚಮಚ ನಿಂಬೆರಸ. ಎಲ್ಲವನ್ನೂ ತಣ್ಣಗಿರುವಾಗಲೇ ಸೇರಿಸಿ, ಸಕ್ಕರೆ ಕರಗುವವರೆಗೆ ಕಲಕಿ, ಸಣ್ಣ ಉರಿಯಲ್ಲಿ ಇಡಿ. ಪಾತ್ರೆ ಅಗಲವಾಗಿದ್ದು ತಳ ದಪ್ಪ ಇರಲಿ. ಮೂರರಲ್ಲಿ ಒಂದು ಪಾಲು ಇಂಗಿದರೆ ಸಾಕು, ಹತ್ತು ಹನ್ನೆರಡು ನಿಮಿಷ. ಗುಳ್ಳೆ ನೋಡಿ. ಮೊದಮೊದಲು ಸಣ್ಣ ಗುಳ್ಳೆಗಳು ಚಟಪಟ ಒಡೆಯುತ್ತವೆ, ಆಮೇಲೆ ದೊಡ್ಡದಾಗಿ, ಹೊಳೆಯುತ್ತಾ, ಸೋಮಾರಿಗಳ ಹಾಗೆ ಏಳುತ್ತವೆ. ಆಗ ಇಳಿಸಿ. ‘ಇನ್ನೂ ತೆಳ್ಳಗಿದೆಯಲ್ಲ’ ಅನ್ನಿಸುತ್ತದೆ, ಅನ್ನಿಸಲೇಬೇಕು. ಪಾಕದ ಹಾಗೆಯೇ, ಬಿಸಿಯಲ್ಲಿ ಸರಿಯಾಗಿದೆ ಎನಿಸಿದರೆ ಆರಿದ ಮೇಲೆ ಗಟ್ಟಿ ಜಾಸ್ತಿ ಆಗಿರುತ್ತದೆ.

ಮದ್ಯದ ಅಡ್ಡಿ ಇಲ್ಲದ ಓದುಗರಿಗೆ ಜಪಾನಿ ಮನೆಗಳ ಅಳತೆ ಇನ್ನೂ ಸುಲಭ. ಸೋಯಾ, ಮಿರಿನ್, ಸಾಕೆ ಮೂರೂ ಸಮ, ಸಕ್ಕರೆ ಅದರ ಅರ್ಧ. ಎರಡೆರಡು ದೊಡ್ಡ ಚಮಚ ಮೂರು ರಸ, ಒಂದು ಚಮಚ ಸಕ್ಕರೆ, ಇಬ್ಬರಿಗೆ ಆಯಿತು. ಅದನ್ನು ಮೊದಲು ಕುದಿಸುವುದೂ ಬೇಡ, ನೇರ ಬಾಣಲೆಗೇ ಸುರಿಯುತ್ತಾರೆ. ಅಂಗಡಿಯಲ್ಲಿ ‘ಮಿರಿನ್ ಸ್ಟೈಲ್’ ಎಂಬ ಅಗ್ಗದ ಬಾಟಲಿಯೂ ಬರುತ್ತದೆ. ಅದರಲ್ಲಿ ಮದ್ಯ ಶೇ. 1ಕ್ಕಿಂತ ಕಡಿಮೆ, ಗ್ಲೂಕೋಸ್ ಪಾಕ ಜಾಸ್ತಿ. ಅದನ್ನು ಹಾಕಿದರೆ ಸಕ್ಕರೆ ಇಳಿಸಿ.

ಸಕ್ಕರೆಯ ಬದಲು ಬೆಲ್ಲ ಹಾಕಬಹುದಾ ಎಂದು ನೀವು ಕೇಳಿಲ್ಲ, ಆದರೆ ಕೇಳುವವರು ಇದ್ದೇ ಇದ್ದಾರೆ. ಹಾಕಿ, ಕರಗಿಸಿ ಸೋಸಿ. ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಕಬ್ಬಿನ ರಸ ಕಾಯಿಸಿ ಮಾಡುವ ಕಪ್ಪು ಸಕ್ಕರೆ ನಮ್ಮ ಬೆಲ್ಲದ ದಾಯಾದಿಯೇ. ಬಣ್ಣ ಗಾಢವಾಗುತ್ತದೆ, ಬೆಲ್ಲದ ಘಮ ಸೋಯಾದ ಜೊತೆ ಚೆನ್ನಾಗಿಯೇ ಹೊಂದುತ್ತದೆ. ನನಗೆ ಮೀನಿಗೆ ಸಕ್ಕರೆ ಇಷ್ಟ, ಬದನೆಕಾಯಿಗೆ ಬೆಲ್ಲ.

ಕಾರ್ನ್‌ಫ್ಲೋರ್ ಈ ಅಳತೆಯಲ್ಲಿ ಇಲ್ಲ, ಗಮನಿಸಿದಿರಾ? ಹಿಟ್ಟು ಗಟ್ಟಿತನ ಕೊಡುತ್ತದೆ, ಹೊಳಪನ್ನೂ ಕೊಟ್ಟ ಹಾಗೆ ಕಾಣುತ್ತದೆ. ಆದರೆ ಅದು ರಸವನ್ನು ತುಂಡಿನ ಮೇಲೆ ಹೊದಿಕೆಯ ಹಾಗೆ ಕೂರಿಸುತ್ತದೆ, ಅಂಟಿ ಹಿಡಿಯುವುದಿಲ್ಲ. ಆರಿದರೆ ಗೋಂದು. ನೂಡಲ್ಸ್‌ಗೋ ಅನ್ನದ ಮೇಲೆ ಸುರಿಯುವುದಕ್ಕೋ ಬೇಕಿದ್ದರೆ ಒಂದೇ ಒಂದು ಚಿಕ್ಕ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ಸಾಸ್‌ಗೆ ಕಲಕುತ್ತಾ ಹಾಕಿ. ಮೇಲಿನ ಅಳತೆಗೆ ಅಷ್ಟು ಸಾಕು. ನೀವು ಹಾಕಿದ 2 ದೊಡ್ಡ ಚಮಚಕ್ಕೆ ಅದರ ಆರರಷ್ಟು ಹಿಟ್ಟು ಹಿಡಿದಿರುತ್ತದೆ.

ಈಗ ಬಾಣಲೆಯ ಕೆಲಸ, ಇದೇ ತೆರಿಯಾಕಿ.

ಚಿಕನ್ ಆದರೆ ತೊಡೆಯ ಮಾಂಸ ಮೂಳೆ ತೆಗೆಸಿ ತನ್ನಿ. ಎದೆಯ ಮಾಂಸ ಒಣಗಿಹೋಗುತ್ತದೆ. ಸಾಸ್‌ನಲ್ಲಿ ನೆನೆಸಬೇಡಿ. ಕಬಾಬಿನ ಅಭ್ಯಾಸದಿಂದ ನಮಗೆ ಎಲ್ಲವನ್ನೂ ನೆನೆಸುವ ಚಾಳಿ. ಇದರಲ್ಲಿ ಸಕ್ಕರೆ ಇದೆ, ಒಳಗೆ ಬೇಯುವ ಮೊದಲೇ ಹೊರಗೆ ಕರಕಲಾಗುತ್ತದೆ. ತುಂಡನ್ನು ಬಟ್ಟೆಯಲ್ಲೋ ಟಿಶ್ಯೂ ಪೇಪರಿನಲ್ಲೋ ಒತ್ತಿ ಒಣಗಿಸಿ, ಎರಡೂ ಕಡೆ ಮೈದಾವನ್ನು ಕಂಡೂ ಕಾಣದಷ್ಟು ಉದುರಿಸಿ ಕೊಡವಿ. ಹಿಟ್ಟು ಬೇಕಾದದ್ದು ಇಲ್ಲಿ. ಸಾಸ್ ಹಿಡಿದು ನಿಲ್ಲಲು ಅದಕ್ಕೊಂದು ಒರಟು ಮೈ ಸಿಗುತ್ತದೆ. ಸ್ವಲ್ಪ ಎಣ್ಣೆಯಲ್ಲಿ ಎರಡೂ ಕಡೆ ಹೊಂಬಣ್ಣ ಬರುವವರೆಗೆ, ಒಳಗೂ ಬೇಯುವವರೆಗೆ ಮಧ್ಯಮ ಉರಿಯಲ್ಲಿ ಬೇಯಿಸಿ.

ಆಮೇಲೆ ಬಹುತೇಕರು ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಪೇಪರಿನಿಂದ ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಇದ್ದರೆ ಸಾಸ್ ಜಾರುತ್ತದೆ, ಎಷ್ಟು ಕುದಿಸಿದರೂ ಹತ್ತುವುದಿಲ್ಲ. ಒರೆಸಿದ ಮೇಲೆ ಕಾಲು ಕೆ.ಜಿ. ಮಾಂಸಕ್ಕೆ ಮೂರು ದೊಡ್ಡ ಚಮಚ ಸಾಸ್ ಹಾಕಿ. ಬಾಣಲೆ ಓರೆ ಮಾಡಿ, ಚಮಚದಲ್ಲಿ ತುಂಬಿ ತುಂಬಿ ತುಂಡಿನ ಮೇಲೆ ಸುರಿಯುತ್ತಾ ಇರಿ. ಒಂದು ಸಲ ತಿರುಗಿಸಿ, ಮತ್ತೆ ಸುರಿಯಿರಿ. ಒಂದೂವರೆ ಎರಡು ನಿಮಿಷದಲ್ಲಿ ರಸ ಇಂಗಿ, ಬಾಣಲೆಯಲ್ಲಿ ಚಮಚ ಎಳೆದರೆ ದಾರಿ ಬಿದ್ದು ನಿಧಾನ ಮುಚ್ಚಿಕೊಳ್ಳುತ್ತದೆ. ತುಂಡು ವಾರ್ನಿಶ್ ಬಳಿದ ತೊಟ್ಟಿಲಿನ ಹಾಗೆ ಮಿನುಗುತ್ತದೆ. ಕೂಡಲೇ ಉರಿ ಆರಿಸಿ, ತಟ್ಟೆಗೆ ತೆಗೆಯಿರಿ. ಇನ್ನು ಅರ್ಧ ನಿಮಿಷ ಬಿಟ್ಟರೂ ಕಹಿ. ಫೋನ್ ಬಂದರೆ ಎತ್ತಬೇಡಿ, ಅಕ್ಕಿ ತೊಳೆಯಲೂ ಹೋಗಬೇಡಿ!

ಜಪಾನಿನಲ್ಲಿ ತೆರಿಯಾಕಿ ಎಂದರೆ ಮೊದಲು ನೆನಪಾಗುವುದು ಚಿಕನ್ ಅಲ್ಲ, ಮೀನು. ಚಳಿಗಾಲದಲ್ಲಿ ಕೊಬ್ಬು ತುಂಬಿದ ‘ಬುರಿ’ ಮೀನಿನ ತೆರಿಯಾಕಿ ಅಲ್ಲಿ ಮನೆಮನೆಯ ಅಡುಗೆ. ‘ಸವಾರಾ’ ಎಂಬ ಇನ್ನೊಂದು ಮೀನನ್ನೂ ಹೀಗೆ ಮಾಡುತ್ತಾರೆ. ಈ ಸವಾರಾ ನಮ್ಮ ಕರಾವಳಿಯ ಅಂಜಲ್ ಮೀನಿನ ಹತ್ತಿರದ ನೆಂಟ, ಎರಡೂ ಒಂದೇ ಕುಲದವು. ಹಾಗಾಗಿ ಮಂಗಳೂರು, ಮಲ್ಪೆ ಕಡೆಯಿಂದ ಅಂಜಲ್ ಬಂದ ದಿನ ರವಾ ಫ್ರೈಗೆ ಒಂದು ದಿನ ರಜೆ ಕೊಟ್ಟು ಇದನ್ನು ಮಾಡಿ ನೋಡಿ. ತುಂಡಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಮೇಲೆ ಬಂದ ನೀರನ್ನು ಒರೆಸಿಬಿಡಿ. ಹಸಿ ವಾಸನೆ ಅದರ ಜೊತೆಯೇ ಹೋಗುತ್ತದೆ. ಉಳಿದದ್ದು ಚಿಕನ್ ಥರವೇ, ಬೇಗ ಬೇಯುತ್ತದೆ ಅಷ್ಟೇ.

ಅತ್ತೆಯವರ ತಟ್ಟೆಗೆ ಬರೋಣ. ಸಾಸ್‌ನಲ್ಲಿ ಮೀನು-ಮಾಂಸದ ಸೋಂಕು ಇಲ್ಲ, ಆ ಭಯ ಬೇಡ. ಬಾಣಲೆ ಬೇರೆ ಇಟ್ಟರೆ ಆಯಿತು. ತೋಫು ಆದರೆ ಅರ್ಧ ಗಂಟೆ ಭಾರ ಹೇರಿ ನೀರು ಇಳಿಸಿ. ಆದರೆ ನನ್ನನ್ನು ಕೇಳಿದರೆ ಬದನೆಕಾಯಿಯೇ ಸರಿ. ದಪ್ಪ ಬದನೆಯನ್ನು ಬೆರಳು ದಪ್ಪದ ಬಿಲ್ಲೆ ಮಾಡಿ, ಒಂದು ಮೈಗೆ ಚೌಕ ಚೌಕ ಗೀರು ಹಾಕಿ, ಎಣ್ಣೆಯಲ್ಲಿ ಮೆತ್ತಗೆ ಬಾಡಿಸಿ, ಕೊನೆಗೆ ಸಾಸ್. ಗೀರಿನೊಳಗೆ ಸಿಹಿ-ಉಪ್ಪು ಇಳಿದು ಕೂರುತ್ತದೆ. ಬೇಯಿಸಿದ ಸುವರ್ಣಗಡ್ಡೆಯ ಬಿಲ್ಲೆಯೂ ಚೆನ್ನಾಗಿ ಹಿಡಿಯುತ್ತದೆ, ಇದು ಜಪಾನಿನದ್ದಲ್ಲ, ನನ್ನ ಅಡುಗೆಮನೆಯದ್ದು. ಅಣಬೆ ನೀರು ಬಿಡುತ್ತದೆ, ಆ ನೀರು ಪೂರ್ತಿ ಆರಿದ ಮೇಲಷ್ಟೇ ಸಾಸ್ ಹಾಕಿ. ಪನೀರ್ ಆಗುತ್ತದೆ, ಆದರೆ ಹಾಲಿನ ಸಿಹಿಯ ಮೇಲೆ ಮತ್ತೆ ಸಿಹಿ, ನನಗೇನೋ ರುಚಿಸಲಿಲ್ಲ. ಗೋಧಿ ಆಗದವರು ಮನೆಯಲ್ಲಿದ್ದರೆ ‘ತಮಾರಿ’ ಎಂಬ ಸೋಯಾ ಸಾಸ್ ನೋಡಿ. ಅದರಲ್ಲೂ ಗೋಧಿ ಹಾಕದ್ದು ಹೌದೋ ಅಲ್ಲವೋ ಲೇಬಲ್ ಓದಿಯೇ ತನ್ನಿ.

ಬೆಳ್ಳುಳ್ಳಿ, ಶುಂಠಿ ತಪ್ಪಾ ಎಂದರೆ, ತಪ್ಪಲ್ಲ, ಬೇರೆ ಊರಿನದು. 1885ರಿಂದ ಜಪಾನಿನ ಸಾವಿರಾರು ಕೂಲಿಕಾರರು ಒಪ್ಪಂದದ ಮೇಲೆ ಹವಾಯಿಯ ಕಬ್ಬಿನ ತೋಟಗಳಿಗೆ ಹೋದರು. ಹೋದವರ ಅಡುಗೆಗೆ ಅಲ್ಲಿನ ಕಂದು ಸಕ್ಕರೆ, ಅನಾನಸ್, ಶುಂಠಿ, ಬೆಳ್ಳುಳ್ಳಿ ಸೇರಿಕೊಂಡವು. ಮುಂದೆ 1976ರಲ್ಲಿ ತೋಶಿ ಕಸಹಾರ ಎಂಬವರು ಅಮೆರಿಕದ ಸಿಯಾಟಲ್‌ನಲ್ಲಿ ಚಿಕ್ಕದೊಂದು ತೆರಿಯಾಕಿ ಹೋಟೆಲ್ ತೆರೆದರು. ಅನ್ನ, ಸುಟ್ಟ ಕೋಳಿ, ಮೇಲೆ ಸಾಸ್, ಕಡಿಮೆ ಬೆಲೆ. ಅಂಥವು ಆ ಊರಿನ ಮೂಲೆ ಮೂಲೆಯಲ್ಲಿ ಹುಟ್ಟಿಕೊಂಡವು, ಬೆಂಗಳೂರಿನ ದರ್ಶಿನಿಗಳ ಹಾಗೆ. ಜಪಾನಿಗರೂ ಸುಮ್ಮನೆ ಕೂರಲಿಲ್ಲ. ಮೋಸ್ ಬರ್ಗರ್ ಎಂಬ ಅಲ್ಲಿನ ಕಂಪನಿ 1973ರಲ್ಲೇ ತೆರಿಯಾಕಿ ಬರ್ಗರ್ ತಂದಿತ್ತು. ನಿಮ್ಮ ಮಗಳು ತಿಂದದ್ದು ಬಹುಶಃ ಈ ಅಮೆರಿಕದ ದಾರಿಯದ್ದೇ. ಅದೇ ರುಚಿ ಬೇಕು ಎಂದು ಹಟ ಹಿಡಿದರೆ ಮೇಲಿನ ಸಾಸ್ ಕುದಿಯುವಾಗ ಒಂದು ಇಂಚು ಶುಂಠಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಆಮೇಲೆ ಸೋಸಿ. ಪೇಸ್ಟ್ ಬೇಡ, ಬಾಣಲೆಯಲ್ಲಿ ಅದೇ ಮೊದಲು ಸೀದುಹೋಗುತ್ತದೆ. ಅನಾನಸ್ ರಸ ಹಾಕುವುದಾದರೆ ಕುದಿಸಿಯೇ ಹಾಕಿ. ಹಸಿ ರಸದಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ, ಅದು ಮಾಂಸವನ್ನು ಒಡೆದು ಹಿಟ್ಟಿನ ಹಾಗೆ ಮಾಡುತ್ತದೆ.

ಉಳಿದ ಸಾಸ್ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಎರಡು ಮೂರು ವಾರ ಇರುತ್ತದೆ. ಒದ್ದೆ ಚಮಚ ಹಾಕಬಾರದು ಅಷ್ಟೇ. ಬೆಳ್ಳುಳ್ಳಿ ಹಾಕಿದ್ದರೆ ವಾರದೊಳಗೆ ಮುಗಿಸಿ. ಜೊತೆಗೆ ಬಿಳಿ ಅನ್ನ ಸಾಕು. ಸೋನಾ ಮಸೂರಿಯನ್ನೇ ಒಂದಿಷ್ಟು ಮೆತ್ತಗೆ ಮಾಡಿ, ಮೇಲೆ ಹುರಿದ ಎಳ್ಳು ಉದುರಿಸಿದರೆ ಮಗಳು ಬೇರೇನೂ ಕೇಳಲಿಕ್ಕಿಲ್ಲ.

ಇನ್ನು ಫ್ರಿಜ್‌ನಲ್ಲಿ ಕೂತಿರುವ ಆ ಗೋಂದು. ಅದರಿಂದ ತೆರಿಯಾಕಿ ಆಗುವುದಿಲ್ಲ, ಆದರೆ ಮಾಡಿ ವಾರ ಕಳೆದಿಲ್ಲವಾದರೆ ಚೆಲ್ಲಬೇಡಿ. ಸೋಯಾ, ಸಕ್ಕರೆ, ಶುಂಠಿ, ಬೆಳ್ಳುಳ್ಳಿ, ಕಾರ್ನ್‌ಫ್ಲೋರ್ ಎಲ್ಲ ಒಟ್ಟಿಗೆ ಇರುವ ಆ ಬಾಟಲಿಯಲ್ಲಿ ಅರ್ಧ ಗೋಬಿ ಮಂಚೂರಿ ಆಗಲೇ ತಯಾರಾಗಿದೆ. ಎರಡು ಚಮಚ ತೆಗೆದು ಬಿಸಿನೀರಿನಲ್ಲಿ ಸಡಿಲಿಸಿ, ಹಸಿಮೆಣಸಿನಕಾಯಿ, ಈರುಳ್ಳಿ, ಒಂದಿಷ್ಟು ವಿನೆಗರ್ ಸೇರಿಸಿ ಕರಿದ ಹೂಕೋಸಿಗೆ ಬೆರೆಸಿ. ಉಪ್ಪು ಮಾತ್ರ ಬೇರೆ ಹಾಕಬೇಡಿ.